ಮೂರನೇ ಗುಹೆಯ ವೇಗ

ಲ್ಯಾಬಿನಲ್ಲಿ ರಕ್ತ ತೆಗೆಯುವವನಿಗೆ ಸೂಜಿ ಮಾಮ ಅಂತ ಹೆಸರು ಬಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆ ಹೆಸರು ಇಟ್ಟವರಲ್ಲಿ ಒಬ್ಬರೂ ಅವನ ಮುಂದೆ ತೋಳು ಚಾಚಿದವರಲ್ಲ. ಅವರೆಲ್ಲ ಇಂಟರ್‌ನೆಟ್ಟಿನಲ್ಲಿ ಅವನು ಹಳೇ ಕಂಪ್ಯೂಟರ್ ಆಟ ಆಡುವುದನ್ನು ಕೂತು ನೋಡುವವರು. ಐವತ್ತು ದಾಟಿದ ಗಂಡಸು, ಮುಂದಲೆ ಬೋಳು, ಮೂಗಿನ ತುದಿಗೆ ಕನ್ನಡಕ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ಕ್ಯಾಮೆರಾ ಮುಂದೆ ಕೂತನೆಂದರೆ ಸಂಜೆ ದೀಪ ಹಾಕುವವರೆಗೂ ಏಳುವ ಆಸಾಮಿಯಲ್ಲ. "ಮಕ್ಕಳು ಆಡಬೇಕಾದ್ದನ್ನ ನೀವು ಆಡ್ತೀರಿ. ಅದನ್ನ ನೋಡೋಕೆ ಬೇರೆ ಜನ. ಯಾರಿಗೆ ಬುದ್ಧಿ ಹೇಳೋದು?" ಅನ್ನುವುದು ಹೆಂಡತಿಯ ವಾರದ ಮಾತು.

ಆಡುತ್ತಿದ್ದದ್ದಾದರೂ ಹೆಸರುವಾಸಿ ಆಟಗಳೇ? ಅದೂ ಅಲ್ಲ. ಎಷ್ಟೋ ವರ್ಷದ ಹಿಂದೆ ಯಾರೋ ಒಬ್ಬೊಬ್ಬರೇ ಮನೆಯಲ್ಲಿ ಕೂತು ಬರೆದು, ಫ್ಲಾಪಿಗೆ ತುಂಬಿ, "ಮೊದಲ ಭಾಗ ಬಿಟ್ಟಿ ಆಡಿ, ಸ್ನೇಹಿತರಿಗೂ ಹಂಚಿ, ಮಿಕ್ಕಿದ್ದು ಬೇಕಾದರೆ ದುಡ್ಡು ಕಳಿಸಿ ತರಿಸಿಕೊಳ್ಳಿ" ಎಂದು ಲೋಕದ ಮೇಲೆ ಬಿಟ್ಟಂಥವು. ಶೇರ್‌ವೇರ್ ಅನ್ನುತ್ತಿದ್ದರು. ಬಿಟ್ಟಿ ಭಾಗವನ್ನು ಜನ ಆಡಿದರು, ಮಿಕ್ಕಿದ್ದನ್ನು ಯಾರೂ ತರಿಸಲಿಲ್ಲ, ಬರೆದವರು ಎಲ್ಲಿ ಹೋದರೋ ದೇವರಿಗೇ ಗೊತ್ತು. ಅಂಥ ಅನಾಥ ಆಟಗಳನ್ನು ಹುಡುಕಿ ತೆಗೆದು ಆಡುವ, ನೋಡುವ ಒಂದು ಸಣ್ಣ ಗುಂಪಿಗೆ ಮಾಮನೇ ಯಜಮಾನ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ.

ಗುಂಪಿಗೆ ಅದರದ್ದೇ ಆದ ಮಡಿಮೈಲಿಗೆ ಇತ್ತು. ಆಟ ಮುಗಿದ ಮೇಲೆ ಅದನ್ನು ಬರೆದವನ ಹೆಸರನ್ನು ಗಟ್ಟಿಯಾಗಿ ಓದಬೇಕು. ಮಧ್ಯೆ ನಿಲ್ಲಿಸಿ ಸುಧಾರಿಸಿಕೊಳ್ಳುವ ಹಾಗಿಲ್ಲ. ಜೀವ ಹೆಚ್ಚಿಸಿಕೊಳ್ಳುವ ಕಳ್ಳದಾರಿಯಂತೂ ಸುತರಾಂ ಇಲ್ಲ. ಹೊಸಬನೊಬ್ಬ ಒಂದು ಸಲ ಹಾಗೆ ಮಾಡಿ ಜಂಬ ಕೊಚ್ಚಿಕೊಂಡಿದ್ದಕ್ಕೆ ಮಾಮ ಅವನ ಜೊತೆ ಎರಡು ವಾರ ಮಾತು ಬಿಟ್ಟಿದ್ದ.

ಮಾಮನ ಬಲಗೈ ಬಂಟ ಗೂಬೆ. ಅದು ಆ ಮನುಷ್ಯ ಇಟ್ಟುಕೊಂಡ ಅಡ್ಡಹೆಸರು; ಲಿಫ್ಟ್ ರಿಪೇರಿ ಅವನ ಕಸುಬು. ಇಬ್ಬರೂ ಎದುರೆದುರು ಭೇಟಿಯಾದವರೇ ಅಲ್ಲ, ಆದರೂ ವಾರದಲ್ಲಿ ನಾಲ್ಕು ಸಲ ಫೋನಿನಲ್ಲಿ ಹರಟುವರು. ಮಾಮನ ಹಳೇ ಯಂತ್ರ ಕೆಟ್ಟಮೇಲೆ ಹೊಸ ಕಂಪ್ಯೂಟರಿನಲ್ಲಿ ಹಳೇ ಆಟ ಓಡುವ ಹಾಗೆ ಕಟ್ಟಿಕೊಡುತ್ತಿದ್ದವನು ಅವನೇ. ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ಕಾಲದ ಎಷ್ಟೋ ಆಟಗಳಿಗೆ ಸ್ವಂತ ವೇಗ ಅನ್ನುವುದಿಲ್ಲ. ಯಂತ್ರ ಎಷ್ಟು ಜೋರಾಗಿ ಓಡಿದರೆ ಆಟವೂ ಅಷ್ಟೇ ಜೋರು. ಹಾಗಾಗಿ ಹೊಸ ಕಂಪ್ಯೂಟರಿಗೆ, ನೀನು ಇಷ್ಟೇ ವೇಗದಲ್ಲಿ ಓಡಪ್ಪ ಎಂದು ಮೊದಲೇ ಹೇಳಿಡಬೇಕು. ಪ್ರತಿ ಭಾನುವಾರಕ್ಕೆ ಮೊದಲು ತನ್ನ ಮನೆಯಿಂದಲೇ, ಇಂಟರ್‌ನೆಟ್ಟಿನ ಮೂಲಕ, ಹಾಗೆ ಹೇಳಿಡುವವನು ಗೂಬೆ. ಮಾಮ ಗುಂಡಿ ಒತ್ತಿ ಆಡುವವನಷ್ಟೇ.

ಎಷ್ಟು ಆಟ ಬದಲಾದರೂ ಪ್ರತಿ ಭಾನುವಾರ ಮೊದಲು ಆಡುವುದು ಮಾತ್ರ ಒಂದೇ: ಲಾಂದ್ರ ಹಿಡಿದ ಇಲಿಯೊಂದು ಗಣಿಯೊಳಗೆ ಓಡುವ ಆಟ. ಅದರ ಮೂರನೇ ಗುಹೆಯಲ್ಲಿ ಮೇಲಿಂದ ಬಂಡೆ ಉರುಳುತ್ತವೆ. ಒಂದು ಬಂಡೆಗೂ ಇನ್ನೊಂದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಸಂದು. ಆ ಸಂದಿನಲ್ಲಿ ಇಲಿಯನ್ನು ದಾಟಿಸುವುದು ಗುಂಪಿನಲ್ಲಿ ಇನ್ಯಾರಿಗೂ ಆಗಿರಲಿಲ್ಲ. ಮಾಮನಿಗೆ ಅದು ನೀರು ಕುಡಿದಷ್ಟು ಸಲೀಸು.

ಲ್ಯಾಬಿನಲ್ಲೂ ಅವನ ಕೈ ಅಂಥದ್ದೇ. ಇರುವೆ ಕಚ್ಚಿದಷ್ಟೂ ನೋವಾಗದು ಎಂದು ಜನ ಅವನ ಮೇಜಿಗೇ ಸಾಲು ನಿಲ್ಲುವರು. ಅದರಲ್ಲೂ ಡ್ರಾಯಿಂಗ್ ಟೀಚರ್ ಒಬ್ಬರಿದ್ದರು. ದೊಡ್ಡ ಕಾಯಿಲೆಗೆ ಔಷಧಿ ಹತ್ತಿಸಿಕೊಂಡೂ ಹತ್ತಿಸಿಕೊಂಡೂ ನರಗಳೆಲ್ಲ ಬಡವಾಗಿದ್ದವು. ಪ್ರತಿ ಸಲದ ಔಷಧಿಗೂ ಮೊದಲು ರಕ್ತ ಪರೀಕ್ಷೆ ಆಗಲೇಬೇಕು. "ಅಣ್ಣ ಇಲ್ದಿದ್ರೆ ನಾನು ಕೈ ಕೊಡಲ್ಲ" ಎಂದು ಹಟ ಹಿಡಿದು, ಅವನಿಗೆ ರಜವಿಲ್ಲದ ದಿನ ಕೇಳಿಕೊಂಡೇ ಬರುವರು.

ಮೊದಲು ಕಂಡುಹಿಡಿದವಳು ಹೆಂಡತಿ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವನ ಬಲಗೈ ತಡವರಿಸುತ್ತಿತ್ತು. ಅನ್ನ ಕಲಸುವಾಗ ಬೆರಳು ಹೇಳಿದ್ದನ್ನು ಕೇಳಿ, ಒಂದಿಷ್ಟು ಯೋಚನೆ ಮಾಡಿ, ಆಮೇಲೆ ಆಡುವಂತಿತ್ತು. ಸುಮ್ಮನೆ ಕೂತಾಗ ಹೆಬ್ಬೆರಳು ತಾನಾಗಿಯೇ ಅದುರುತ್ತಿತ್ತು.

"ರೀ, ಒಂದ್ಸಲ ಡಾಕ್ಟರಿಗೆ ತೋರಿಸಿ. ನೀವು ಜನಕ್ಕೆ ಸೂಜಿ ಚುಚ್ಚೋರು" ಅಂದಳು.

"ನನ್ನ ಕೈಗೆ ಏನಾಗಿದೆ? ಅಂಗಿ ಕಾಜಾನೇ ಬಿಗಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅವಳು ಒಳಗೆ ಹೋದಳು.

ಈ ಮಾತು ಮಾಮನಿಗೆ ಚುರ್ ಅಂದಿತು. ಆ ಭಾನುವಾರ ಎಲ್ಲರೂ ನೋಡುತ್ತಿರುವಾಗ, ಬೇಕಿತ್ತೋ ಬೇಡವೋ, ಬಾಯಿಬಿಟ್ಟ. "ನನ್ನ ಕೈ ಹೋಗಿದೆ ಅಂತಾಳೆ ನಮ್ಮನೆಯವಳು. ಕೇಳಿಸ್ಕೊಳ್ಳಿ. ಈ ಮೂರನೇ ಗುಹೇಲಿ ನಾನು ಯಾವತ್ತು ಸಾಯ್ತೀನೋ, ಮಾರನೇ ದಿನವೇ ಸೂಜಿ ಕೆಳಗಿಡ್ತೀನಿ. ನೀವೇ ಸಾಕ್ಷಿ." ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವತ್ತು ಇಲಿ ದಾಟಿತು, ಆದರೆ ಬಂಡೆ ಅದರ ಬಾಲ ಸವರಿಕೊಂಡೇ ಬಿತ್ತು. ಮಾಮ ಗೆದ್ದೆನೆಂದು ನಕ್ಕ. ನೋಡುತ್ತಿದ್ದವರು ಎಂದಿನ ಹಾಗೆ ಚಪ್ಪಾಳೆಯ ಚಿತ್ರ ಕಳಿಸಲು ಒಂದು ಗಳಿಗೆ ತಡಮಾಡಿದರು.

ಆಮೇಲಿನ ವಾರಗಳಲ್ಲಿ ಇಲಿ ಸರಾಗವಾಗಿ ದಾಟತೊಡಗಿತು. ಮಾಮನ ಎದೆ ಉಬ್ಬಿತು. ಹೆಂಡತಿ ಬಾಯಿ ತೆರೆದರೆ ಸಾಕು, "ಭಾನುವಾರ ಬಂದು ನೋಡು" ಎನ್ನುವನು. ಕಣ್ಣಿಗೆ ಕಾಣುವುದು ಒಂದು, ಆಟ ಹೇಳುವುದು ಇನ್ನೊಂದು. ಅವಳಿಗೇ ತನ್ನ ಮೇಲೆ ಅನುಮಾನ ಬಂತು.

ಹೀಗಿರುವಾಗ ಟೀಚರ್ ಬಂದರು. ಮಾಮ ಪಟ್ಟಿ ಬಿಗಿದ, ಸವರಿದ, ಚುಚ್ಚಿದ. ರಕ್ತ ಬರಲಿಲ್ಲ. ಸೂಜಿಯನ್ನು ಒಳಗೇ ಸ್ವಲ್ಪ ತಿರುಗಿಸಿದ. ಟೀಚರ್ ಉಸಿರು ಬಿಗಿಹಿಡಿದರು. ಬೇರೆ ಜಾಗದಲ್ಲಿ ಚುಚ್ಚಿದ, ಅಲ್ಲೂ ಇಲ್ಲ. ಮೂರನೇ ಸಲ ಮುಂಗೈಯಲ್ಲಿ ಹೇಗೋ ಸಿಕ್ಕಿತು, ಆದರೆ ಅಷ್ಟರಲ್ಲಿ ಮೊಣಕೈ ಸಂದು ಬಾತು ನೀಲಿಗಟ್ಟಿತ್ತು. ಪಕ್ಕದ ಮೇಜಿನಲ್ಲಿ ರಕ್ತ ತೆಗೆಯುವ, ಎಡಗೈಯಲ್ಲೇ ಕೆಲಸ ಮಾಡುವುದರಿಂದ ಎಡಚಿ ಅಂತಲೇ ಹೆಸರಾದವಳು ಮೆತ್ತಗೆ ಅಂದಳು, "ಅಣ್ಣ, ನಾನು ಬರಲಾ?"

"ನಿನ್ನ ಕೆಲಸ ನೋಡ್ಕೋ" ಅಂದ.

"ಅಣ್ಣಂದೇನೂ ತಪ್ಪಿಲ್ಲ, ನನ್ನ ನರಾನೇ ಸರಿಯಿಲ್ಲ" ಎಂದು ಟೀಚರೇ ಅವನನ್ನು ಸಮಾಧಾನ ಮಾಡಿ, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹೋದರು. ಮಾಮ ಅದನ್ನೇ ನಂಬಿದ. ನಂಬದೆ ಏನು ಮಾಡಿಯಾನು? ಕೈ ಚೆನ್ನಾಗಿದೆ ಎನ್ನುವುದಕ್ಕೆ ಮೂರನೇ ಗುಹೆಯ ಸಾಕ್ಷಿ ಇತ್ತು. ಹಾಗಾದರೆ ತಪ್ಪು ನರದ್ದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮುಂದಿನ ಭಾನುವಾರ ಅವನು ಆಡುತ್ತಿದ್ದ, ಹೆಂಡತಿ ಹಿಂದೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇಲಿಯ ಆಟಕ್ಕೆ ಒಂದು ಹಾಡಿದೆ. ಟುಂಯ್ ಟುಂಯ್ ಎಂದು ಸುತ್ತಿ ಸುತ್ತಿ ಬರುವಂಥದ್ದು. ಅವಳು ಆಟವನ್ನು ಒಂದು ದಿನವೂ ನೆಟ್ಟಗೆ ನೋಡಿದವಳಲ್ಲ, ಆದರೆ ಹಾಡನ್ನು ವರ್ಷಗಟ್ಟಲೆ ಬೇಡವೆಂದರೂ ಕೇಳಿದವಳು. ಆಟ ಮುಗಿದು ಕ್ಯಾಮೆರಾ ಆರಿಸಿದ ಮೇಲೆ ಕೇಳಿದಳು, "ಅಲ್ಲಾ ರೀ, ಈ ಹಾಳು ಹಾಡು ಯಾಕೆ ಇಷ್ಟು ಎಳೀತಾ ಇದೆ? ಮೊದಲು ಒಂದು ಅಂಗಿ ಮುಗಿಸೋದರೊಳಗೆ ಒಂದು ಸುತ್ತು ಬರ್ತಿತ್ತು. ಈಗ ಎರಡನೇ ಅಂಗಿ ಕಾಲರಿಗೆ ಬಂದರೂ ಮುಗಿಯಲ್ಲ."

"ನಿನ್ನ ಕೈ ಚುರುಕಾಗಿದೆ."

"ಈ ವಯಸ್ಸಿಗಾ?"

ಮಾಮ ನಕ್ಕ. ನಗು ಅರ್ಧಕ್ಕೇ ನಿಂತಿತು. ಅವನು ಆಡಿದ್ದೆಲ್ಲ ಚಾನೆಲ್ಲಿನಲ್ಲಿ ಹಾಗೇ ಉಳಿದಿತ್ತಲ್ಲ, ಎರಡು ವರ್ಷ ಹಳೆಯದೊಂದನ್ನು ತೆಗೆದು ಹಾಕಿದ. ಹಾಡು ಚಟಪಟ ಓಡಿತು. ಬಂಡೆಗಳು ದಬದಬ ಬಿದ್ದವು. ಆಮೇಲೆ ಇವತ್ತಿನದನ್ನು ಹಾಕಿದ. ಬಂಡೆಗಳು ಒಂದೊಂದಾಗಿ, ನೀನು ದಾಟಿಕೋ ಆಮೇಲೆ ಬೀಳುತ್ತೇನೆ ಎನ್ನುವಂತೆ ಬಂದವು. ಹೆಂಡತಿಗೆ ಆಟ ಗೊತ್ತಿಲ್ಲದಿದ್ದರೂ ಇದು ಗೊತ್ತಾಯಿತು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೂತಳು.

ಅವನು ಮತ್ತೆ ಕ್ಯಾಮೆರಾ ಹಾಕಿದ. ಏನೋ ಮರೆತಿದ್ದಾನೆಂದುಕೊಂಡು ಜನ ಒಬ್ಬೊಬ್ಬರಾಗಿ ವಾಪಸು ಬಂದರು.

"ಗೂಬೆ, ವೇಗ ಎಷ್ಟಕ್ಕೆ ಇಟ್ಟಿದ್ದೀಯ?"

ಗೂಬೆ ಪರದೆಯ ಮೇಲೆ ಬರೆದ: "ತಪ್ಪಾಯ್ತು ಮಾಮ. ವಾರವಾರ ಒಂಚೂರು ಇಳಿಸ್ತಾ ಬಂದೆ. ನೀನು ಆಣೆ ಇಟ್ಟ ಹಾಗೆ ಮಾತಾಡಿಬಿಟ್ಟೆ. ಸೋತರೆ ನಿಜವಾಗಲೂ ಕೆಲಸ ಬಿಡ್ತೀಯ ಅಂತ ಹೆದರಿಕೆ ಆಯ್ತು. ಆ ಕೆಲಸ ನಿನಗೆ ಪ್ರಾಣ ಅಲ್ವಾ?"

"ಇನ್ಯಾರಿಗೆ ಗೊತ್ತಿತ್ತು?"

ನನಗೆ, ಎಂದು ಒಬ್ಬ ಬರೆದ. ನನಗೂ, ಎಂದು ಇನ್ನೊಬ್ಬಳು. ಅದರ ಕೆಳಗೆ ಮತ್ತೊಂದು, ಅದರ ಕೆಳಗೆ ಮತ್ತೊಂದು. ಎರಡು ವಾರ ಮಾಮನ ಸಿಟ್ಟು ಉಂಡಿದ್ದ ಆ ಹೊಸಬನೂ ಬರೆದ. ಮಾಮ ಪರದೆಯನ್ನು ಓದುತ್ತಾ ಹೋದ. ಇಷ್ಟು ದಿನ ತಾನು ಆಡುತ್ತಿದ್ದೇನೆ, ಇವರು ನೋಡುತ್ತಿದ್ದಾರೆ ಅಂದುಕೊಂಡಿದ್ದ. ಇವರು ನೋಡುತ್ತಿದ್ದದ್ದು ತನ್ನ ಕೈಯನ್ನು.

"ನಿಮ್ಮ ಪ್ರೀತಿಗೆ ಬೆಂಕಿ ಬೀಳ" ಅಂದ. ದನಿ ಏರಿಸಲಿಲ್ಲ. "ನನ್ನನ್ನ ಉಳಿಸಿದಿರಿ, ಸರಿ. ಒಬ್ಬ ಕಾಯಿಲೆ ಹೆಂಗಸಿನ ಕೈಯನ್ನ ಮೊನ್ನೆ ಕುತ್ತಿ ಕುತ್ತಿ ನೀಲಿ ಮಾಡಿದ್ದೀನಿ. ನನ್ನ ಕೈ ಗಟ್ಟಿ ಇದೆ ಅಂತ ನೀವು ಹೇಳಿದ್ರಿ, ಅದಕ್ಕೆ ಮಾಡಿದ್ದೀನಿ. ಮೊದಲಿದ್ದ ವೇಗ ಎಲ್ಲಿ ಬರೀಬೇಕು ಹೇಳು."

ಗೂಬೆ ಹೇಳಿದ. ಮಾಮ ಬರೆದ, ಆಡಿದ. ಮೂರನೇ ಗುಹೆಯವರೆಗೆ ಹೋಗುವ ಮಾತಿರಲಿ, ಮೊದಲ ಗುಹೆಯ ಮೆಟ್ಟಿಲಲ್ಲೇ ಇಲಿ ಸತ್ತಿತು. ಮತ್ತೆ ಆಡಿದ, ಅಲ್ಲೇ ಸತ್ತಿತು. ಹೆಂಡತಿ ಎದ್ದು ಬಂದು ಅವನ ಬಲಗೈಯನ್ನು ಕೀಲಿಮಣೆಯ ಮೇಲಿಂದ ಎತ್ತಿ ತನ್ನ ಕೈಯಲ್ಲಿ ಇಟ್ಟುಕೊಂಡಳು. ತಾನು ಹೇಳಿದ್ದೇ ನಿಜವಾಯಿತು ಎಂಬ ಸಂತೋಷ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ತನ್ನ ಮಾತು ಸುಳ್ಳಾಗಲಿ ಎಂದು ಅವಳೂ ಒಳಗೊಳಗೇ ಬೇಡಿಕೊಂಡಿದ್ದವಳೇ.

ಮಾರನೇ ದಿನ ಬೆಳಿಗ್ಗೆ ಲ್ಯಾಬಿನ ಡಾಕ್ಟರಮ್ಮನ ಹತ್ತಿರ ನಿಂತು ಎಲ್ಲ ಹೇಳಿದ. ಅವರು ನರರೋಗದ ಡಾಕ್ಟರಿಗೆ ಫೋನು ಮಾಡಿ ಸಮಯ ಕೇಳಿದರು. ಅಲ್ಲಿಯವರೆಗೆ ಹೊರಗಿನ ಕೌಂಟರಿನಲ್ಲಿ ಕೂತಿರು ಅಂದರು. ಮಾಮ ಕೌಂಟರಿಗೆ ಹೋಗಿ ಕೂತ. ಏನು ಮಾಡುವುದೆಂದು ತಿಳಿಯದೆ ಪೆನ್ನುಗಳನ್ನು ಜೋಡಿಸಿದ.

ವಾರ ಕಳೆದು ಟೀಚರ್ ಬಂದರು. ತೋಳಿನ ನೀಲಿ ಹಳದಿಗೆ ತಿರುಗಿತ್ತು. "ಅಣ್ಣ, ಇಲ್ಲೇನು ಮಾಡ್ತಿದ್ದೀರಿ? ಏಳಿ" ಅಂದರು.

"ನಾನು ತೆಗೆಯಲ್ಲ ಟೀಚರ್. ನಿಮ್ಮ ನರ ಚೆನ್ನಾಗೇ ಇದೆ. ಕೆಟ್ಟಿರೋದು ನನ್ನ ಕೈ."

ಟೀಚರ್ ಇಲ್ಲವೆನ್ನಲಿಲ್ಲ. ಬ್ಯಾಗಿನ ಹಿಡಿಯನ್ನು ತಿರುವುತ್ತಾ ನಿಂತರು. "ಬೇಜಾರು ಮಾಡ್ಕೋತೀರ ಅಂತ ನಾನೂ..." ಎಂದು ಅಲ್ಲಿಗೇ ಬಿಟ್ಟರು.

ಅವನೇ ಅವರನ್ನು ಎಡಚಿಯ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿ, ಪಕ್ಕದಲ್ಲಿ ನಿಂತ. ಟೀಚರ್ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಭುಜ ಕಿವಿಯವರೆಗೆ ಏರಿಸಿಕೊಂಡರು. ತನ್ನ ಮುಂದೆ ಅವರು ಹೀಗೆ ಕೂರಲು ಶುರುಮಾಡಿದ್ದು ಯಾವತ್ತಿನಿಂದ ಎಂದು ಮಾಮ ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಎಡಚಿ ಬೆರಳಲ್ಲಿ ಒತ್ತಿ ನೋಡಿ ಒಂದೇ ಸಲ ಚುಚ್ಚಿದಳು. ಕೊಳವೆ ಕೆಂಪಗೆ ತುಂಬಿಕೊಂಡಿತು.

"ಆಯ್ತು" ಅಂದಳು ಎಡಚಿ.

ಟೀಚರ್ ಕಣ್ಣು ಬಿಟ್ಟು ತೋಳು ನೋಡಿಕೊಂಡರು. "ಅಯ್ಯೋ, ನೋವೇ ಆಗಲಿಲ್ಲವಲ್ಲ" ಅಂದುಬಿಟ್ಟರು. ತಕ್ಷಣ ಮಾಮ ಪಕ್ಕದಲ್ಲಿರುವುದು ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಹೇಳಿ ಟೀಚರ್" ಅಂದ ಮಾಮ. ಅವನ ಕಣ್ಣಲ್ಲಿ ನೀರು ನಿಂತಿತ್ತು. "ನನ್ನ ಮುಂದೇನೇ ಇನ್ನೊಂದ್ಸಲ ಹೇಳಿ."