ಆವತ್ತು ಬಾಗಿಲು ತೆರೆದಿತ್ತಾ ಭಾಯಿ?

ಕೀಂ... ಅಂತ ಒಂದೇ ಸಮ ಅರಚುವ ಬಜರಿನ ಸದ್ದು. ಮೊನ್ನೆ ತಂಗಿಯ ಮಗಳು ತನ್ನ ಹೊಸ ಕಾರಿನ ಹೆಡ್‌ಲೈಟ್ ಆರಿಸದೆ ಬಾಗಿಲು ತೆಗೆದಳು. ಒಳಗೆ ಏನೋ ನಾಜೂಕಾಗಿ ಟಿಣ್ ಟಿಣ್ ಅಂದಿತು. ನನ್ನ ಕಿವಿಗೆ ಮಾತ್ರ ಕೇಳಿಸಿದ್ದು, ಚಾಮರಾಜನಗರದ ನಮ್ಮ ಪೋರ್ಟಿಕೋದಲ್ಲಿ ನಿಲ್ಲುತ್ತಿದ್ದ ಹಳೇ ಕಾರಿನ ಆ ಕೀಂ...

ಅದನ್ನು ಕೂರಿಸಿಕೊಟ್ಟವರು ವೈರಿಂಗ್ ಭಾಯಿ. ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದರು, ಹಾಗಾಗಿ ಊರಿಗೆಲ್ಲ ಅದೇ ಹೆಸರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಯಜಮಾನರು ರಿಟೈರ್ ಆಗಿದ್ದರು. ಹತ್ತಿರದ ಉಡಿಗಾಲದ ನಮ್ಮ ಜಮೀನಿನಲ್ಲಿ ಒಂದಿಷ್ಟು ಅರಿಶಿನ ಹಾಕಿಸಿದ್ದೆವು. ಬೆಳಗಾದರೆ ಕಾರು ತೆಗೆದು ಅಲ್ಲಿಗೆ ಹೊರಡುವುದು, ಕತ್ತಲಾದ ಮೇಲೆ ಹಿಂತಿರುಗುವುದು, ಇದೇ ಅವರ ಜೀವನವಾಗಿತ್ತು. ಇದ್ದಕ್ಕಿದ್ದಂತೆ ಬೆಳಗಿನ ಹೊತ್ತು ಬ್ಯಾಟರಿ ಸತ್ತಿರತೊಡಗಿತು. ಹೊಸ ಬ್ಯಾಟರಿ ಹಾಕಿಸಿದರೂ ಅಷ್ಟೇ. ನಾನು ಪಕ್ಕದಲ್ಲಿ ನಿಂತರೆ, "ನಿನ್ನ ಕಾನ್ವೆಂಟ್ ಇಂಗ್ಲಿಷಲ್ಲಿ ಒಂದ್ಸಲ ಪ್ಲೀಸ್ ಅನ್ನು, ಸ್ಟಾರ್ಟ್ ಆಗುತ್ತೇನೋ" ಎಂದು ರೇಗಿಸುತ್ತಿದ್ದರು.

ಗುಂಡ್ಲುಪೇಟೆಯಿಂದ ಬಂದ ನನ್ನ ಮೈದುನ ರೇಗಿಸಲಿಲ್ಲ. ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಅತ್ತಿಗೆ, ಅಣ್ಣ ಲೈಟ್ ಆರಿಸೋದು ಮರೀತಾ ಅವ್ನೆ. ಇನ್ಮೇಲೆ ಕೀ ಅವನ ಕೈಗೆ ಕೊಡ್ಬೇಡಿ." ಅದಕ್ಕೆ ಮುಂಚೆ ಒಮ್ಮೆ ಅವರು ಉಡಿಗಾಲದ ದಾರಿ ತಪ್ಪಿ ಇನ್ನೆಲ್ಲಿಗೋ ಹೋಗಿ ಮಧ್ಯಾಹ್ನ ಬಂದಿದ್ದರು. ತಾವು ಲೈಟ್ ಆರಿಸಿಯೇ ಇಳಿಯುವುದು ಎಂದು ಅವರು ಆಣೆ ಮಾಡುತ್ತಿದ್ದರು. ನಿಜವೋ ಏನೋ... ಬೆಳಿಗ್ಗೆ ನಾನು ಪೋರ್ಟಿಕೋಗೆ ಹೋಗುವಷ್ಟರಲ್ಲಿ ಸ್ವಿಚ್ಚುಗಳನ್ನೆಲ್ಲ ಎಳೆದು ಒತ್ತಿ ಮುಗಿಸಿರುತ್ತಿದ್ದರು, ರಾತ್ರಿ ಯಾವುದು ಹೇಗಿತ್ತೋ ತಿಳಿಯುತ್ತಿರಲಿಲ್ಲ.

ತಮ್ಮ ಕಾರು ಕೆಟ್ಟಿರಲಪ್ಪಾ ಅಂತ ಯಾರಾದರೂ ಹರಕೆ ಹೊರುತ್ತಾರೆಯೇ? ನಾನು ಹೊತ್ತೆ. ಮಾದಪ್ಪನಿಗೂ ಹೇಳಿಕೊಂಡೆ, ಹಳೇ ಹ್ಯಾಬಿಟ್ಟಿನಿಂದ ಮದರ್ ಮೇರಿಗೂ. ಫಾಲ್ಟ್ ಕಾರಿನಲ್ಲಿ ಇಲ್ಲದಿದ್ದರೆ ಅವರಲ್ಲಿದೆ ಎಂದಾಗುತ್ತಿತ್ತಲ್ಲ.

ಭಾಯಿ ಬಂದು ಬ್ಯಾಟರಿಯ ಒಂದು ವೈರ್ ಬಿಚ್ಚಿ, ನಡುವೆ ಒಂದು ಪುಟ್ಟ ಬಲ್ಬು ಸೇರಿಸಿ ಹಿಡಿದರು. ಎಲ್ಲ ಆಫ್ ಆಗಿದ್ದರೆ ಇದು ಉರಿಯಬಾರದು, ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ ಅಂತ ಲೆಕ್ಕ ಎಂದರು. ನಮ್ಮವರು ಡ್ರೈವರ್ ಸೀಟಿನಲ್ಲಿ, ಒಂದು ಕಾಲು ಹೊರಗೆ ಚಾಚಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದರು.

ಬಲ್ಬು ಮಿಣಮಿಣ ಉರಿಯಿತು.

"ಗಾಡೀದೇ ತಪ್ಪು ಸಾರ್, ನಿಮ್ದಲ್ಲ," ಅಂದರು ಭಾಯಿ.

ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋದರು. ಯಾವುದೋ ಒಂದಕ್ಕೆ ಬಲ್ಬು ಆರಿತು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಸಿಪ್ಪೆ ಸುಲಿದ ವೈರೊಂದಕ್ಕೆ ಕಪ್ಪು ಟೇಪ್ ಸುತ್ತಿದರು. ನಮ್ಮವರು ಇಳಿದು, ಬಾಗಿಲು ಹಾಕಿ, ಬಾನೆಟ್ಟಿನ ಹತ್ತಿರ ಬಂದು ನಿಂತರು. ಫ್ಯೂಸ್ ಹಾಕಿದರೂ ಬಲ್ಬು ಉರಿಯಲಿಲ್ಲ. ವಾಟ್ ಎ ರಿಲೀಫ್! ನಮ್ಮವರು ತಕ್ಷಣ ತಮ್ಮನಿಗೆ ಫೋನ್ ಮಾಡಿ, "ನಂಗಲ್ಲ ಕಣ್ಲಾ, ಕಾರಿಗೆ ಮರೆವು" ಎಂದು ನಕ್ಕರು.

ಕೆಲವು ವಾರ ಎಲ್ಲ ಸರಿ ಇತ್ತು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಅದೇ ಕಥೆ. ಅವರು ಸ್ನಾನಕ್ಕೆ ಹೋಗಿದ್ದಾಗ ಭಾಯಿ ಬಂದರು. ಒಳಗೆ ಕೈ ಹಾಕಿ, ಹೊರಗೆ ಎಳೆದೇ ಇದ್ದ, ಅಂದರೆ ಆನ್ ಆಗಿಯೇ ಇದ್ದ, ಹೆಡ್‌ಲೈಟಿನ ಗುಬುಟನ್ನು ಒಳಗೆ ಒತ್ತಿದ್ದನ್ನು ನಾನು ನೋಡಿದೆ. ನಮ್ಮವರು ಬಂದಾಗ, ಹಳೇ ವೈರು ಸಾರ್, ಇನ್ನೊಂದು ಕಡೆ ಸೋರ್ತಾ ಅದೆ ಎಂದರು. ನನ್ನ ಕಡೆ ನೋಡಲಿಲ್ಲ. ಸಂಜೆ ಆ ಬಜರ್ ತಂದರು. ಬಾಗಿಲು ತೆರೆದರೆ ಒಳಗಿನ ಪುಟ್ಟ ದೀಪ ಹತ್ತಿಕೊಳ್ಳುತ್ತದಲ್ಲ, ಆ ಸ್ವಿಚ್ಚಿಗೇ ಇದನ್ನೂ ಸೇರಿಸಿದ್ದೀನಿ, ಲೈಟ್ ಆರಿಸದೆ ಇಳಿದರೆ ಗಾಡಿನೇ ಕೂಗುತ್ತೆ ಎಂದು ವಿವರಿಸಿದರು.

ಬಾಗಿಲು ತೆರೆದರೆ ದೀಪ ಹತ್ತುತ್ತದೆ... ನಾನು ಅಲ್ಲೇ ನಿಂತುಬಿಟ್ಟೆ. ಟೆಸ್ಟ್ ಮಾಡಿದ ದಿನ ನಮ್ಮವರ ಕಾಲು ಹೊರಗಿತ್ತು. ಹಾಗಾದರೆ ಬಾಗಿಲು ತೆರೆದೇ ಇತ್ತು, ಆಮೇಲೆ ಇಳಿದಾಗಲೇ ಅವರು ಅದನ್ನು ಹಾಕಿದ್ದು. ಬಲ್ಬು ಉರಿದಿದ್ದು ಆ ದೀಪದಿಂದಲೋ, ಸುಲಿದ ವೈರಿನಿಂದಲೋ? ವೈರ್ ಸುಲಿದಿದ್ದಂತೂ ನಿಜ, ಕಣ್ಣಾರೆ ಕಂಡಿದ್ದೆ. ಭಾಯಿಗೆ ಬಾಗಿಲಿನ ಕಡೆ ಲಕ್ಷ್ಯ ಇರಲಿಲ್ಲವೋ, ಇತ್ತೋ...

ಬಜರ್ ಬಹಳ ದಿನ ನಮ್ಮನ್ನು ಕಾಯಿತು. ಒಂದು ಸಂಜೆ ಅದು ಕೂಗುತ್ತಲೇ ಇದೆ ಎಂದು ಓಡಿದೆ. ನಮ್ಮವರು ತೆರೆದ ಬಾಗಿಲು ಹಿಡಿದುಕೊಂಡು ನಿಂತಿದ್ದರು. "ಯಾರೇ ಅದು, ಕರೀತಾ ಇರೋದು?" ಅಂದರು. ನಾನು ಲೈಟ್ ಆರಿಸಿದೆ. ಸದ್ದು ನಿಂತಿತು. ಅವರು ಸ್ವಲ್ಪ ಹೊತ್ತು ಕಾರನ್ನೇ ನೋಡಿ, ಕೀ ತಾವಾಗಿಯೇ ನನ್ನ ಕೈಗಿಟ್ಟರು.

ಈಗ ಅವರಿಲ್ಲ, ಕಾರಿಲ್ಲ. ಭಾಯಿಯೂ ತೀರಿಹೋದರೆಂದು ಮೈದುನನಿಂದ ಕೇಳಿದೆ. ಆ ಬಲ್ಬು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ, ಅದು ಯಾಕೆ ಉರಿಯಿತೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಭಾಯಿಯನ್ನು ಕೊನೆಯದಾಗಿ ನೋಡಿದ್ದು ಗುಂಡ್ಲುಪೇಟೆಯಲ್ಲಿ, ನಮ್ಮವರು ತೀರಿಕೊಂಡ ಮೇಲೆ. ಲಾರಿ ಕೆಲಸ ಜಾಸ್ತಿ ಸಿಗುತ್ತದೆಂದು ಹೈವೇ ಪಕ್ಕಕ್ಕೆ ಅಂಗಡಿ ಬದಲಾಯಿಸಿದ್ದರು. ಈರುಳ್ಳಿ ಲಾರಿಯ ಕೆಳಗಿಂದ ಹೊರಗೆ ಬಂದು, ಎದ್ದು ನಿಂತು, ಸಾರ್ ವಿಷಯ ಕೇಳಿ ತುಂಬಾ ಬೇಜಾರಾಯ್ತು ಎಂದರು. ನಾನು ಕೇಳಿಯೇಬಿಟ್ಟೆ, "ಆವತ್ತು ಕಾರಿನ ಬಾಗಿಲು ತೆರೆದಿತ್ತಾ ಭಾಯಿ?"

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಬೆರಳು ಬೆರಳೂ.

"ಬಲ್ಬು ಉರಿದಿತ್ತಲ್ಲಮ್ಮ," ಅಂದರು. "ಸಾರ್ ನೋಡಿದ್ರಲ್ಲ."

ಆಮೇಲೆ ಮತ್ತೆ ಲಾರಿಯ ಕೆಳಗೆ ಸರಿದರು. ಅವರ ಎರಡು ಪಾದಗಳು ಮಾತ್ರ ಬಿಸಿಲಿನಲ್ಲಿ ಕಾಣುತ್ತಿದ್ದವು.