ಇದೆಲ್ಲ ನಮ್ಮಲ್ಲೇ ಇದೆ

ನಮ್ಮ ಮಗಳು ಅಡಿಲೇಡಿನಲ್ಲಿ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಅಪ್ಪ ಗಣಿ ಇಂಜಿನಿಯರ್. ಕೆಲಸ ಪರ್ತ್ ಕಡೆ, ಮನೆಗೆ ಬರುವುದೇ ಅಪರೂಪ. ಬಂದಾಗಲೆಲ್ಲ ಒಂದೇ ಪ್ರಶ್ನೆ: "ಅಮೆರಿಕನ್ ಸಾಹಿತ್ಯ ಓದ್ತೀಯಲ್ಲ, ಅದ್ರಲ್ಲಿ ಅಂಥದ್ದೇನಿದೆ?" ಅವಳು ಇಂಗ್ಲಿಷಿನಲ್ಲಿ ಶುರುಮಾಡಿದರೆ ಇವರ ಕಣ್ಣು ಫೋನಿಗೆ ಹೋಗುತ್ತಿತ್ತು.

ಬ್ರಿಸ್ಬೇನಿನ ಸನ್ನಿಬ್ಯಾಂಕಿನಲ್ಲಿ ನನ್ನ ಮೈದುನನ ಮನೆಯ ಗೃಹಪ್ರವೇಶ ಬಂತು. ಊಟವಾದ ಮೇಲೆ ಯಾರಾದರೂ ಹಾಡುವುದು, ಮಾತಾಡುವುದು ನಮ್ಮವರಲ್ಲಿ ರೂಢಿ. "ಅಲ್ಲಿ ನಾನು ಮಾತಾಡ್ತೀನಿ, ಕನ್ನಡದಲ್ಲೇ. ಅಪ್ಪ ಕೇಳ್ಲೇಬೇಕು," ಎಂದು ಹಟ ಹಿಡಿದಳು.

ಅಡಿಲೇಡಿನ ಕಿಲ್ಬರ್ನಿನಲ್ಲಿರುವ ನಮ್ಮ ಅಡುಗೆಮನೆಯಲ್ಲಿ ನಾನು ಚಪಾತಿ ಲಟ್ಟಿಸುತ್ತಿದ್ದೆ, ಅವಳು ಪದ ಹುಡುಕುತ್ತಿದ್ದಳು. ಟ್ರಾನ್ಸೆಂಡೆಂಟಲಿಸಂ ಎಂಬ ಆ ಮಾರುದ್ದದ ಹೆಸರಿಗೆ ನನ್ನ ಹತ್ತಿರ ಕನ್ನಡವಿರಲಿಲ್ಲ. ವಿಷಯ ಮಾತ್ರ ತಲೆಗೆ ಹತ್ತಿತು. ಸುಮಾರು ಇನ್ನೂರು ವರ್ಷದ ಹಿಂದೆ ಅಮೆರಿಕದ ಈಶಾನ್ಯ ಮೂಲೆಯಲ್ಲಿ ಕೆಲವರಿಗೆ ಚರ್ಚಿನ ಒಣ ಉಪದೇಶ ಸಾಕಾಗಿಹೋಯಿತಂತೆ. ದೇವರು ಪ್ರತಿಯೊಬ್ಬರೊಳಗೂ ಇದ್ದಾನೆ, ಮರಗಿಡ, ನೀರು, ಆಕಾಶವನ್ನು ಕಣ್ಣುಬಿಟ್ಟು ನೋಡಿದರೆ ತಾನೇ ತಿಳಿಯುತ್ತದೆ, ಗುಂಪಿನ ಮಾತಿಗಿಂತ ನಿನ್ನೊಳಗಿನ ಮಾತನ್ನು ನಂಬು ಎಂದರಂತೆ. ಒಬ್ಬನಂತೂ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿ ನೋಡಿದ. ನಮ್ಮ ಗೀತೆಯ ಅನುವಾದವನ್ನೂ ಓದಿಕೊಂಡಿದ್ದರು.

"ಅಷ್ಟೇ ಅಲ್ಲಮ್ಮ, ಲಾಸ್ಟ್ ಪಾರ್ಟೇ ಮೇನು," ಎಂದಳು. ಎಲ್ಲರೊಳಗೂ ಅದೇ ಬೆಳಕಿದ್ದರೆ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಹೇಗೆ? ಹಾಗೆ ಕೇಳಿಕೊಂಡು ಅವರಲ್ಲಿ ಹಲವರು ಗುಲಾಮಗಿರಿಯ ವಿರುದ್ಧ ನಿಂತರು. ಆ ಗುಡಿಸಲಿನವನು ಗುಲಾಮಗಿರಿಯನ್ನು ಒಪ್ಪುವ ಸರ್ಕಾರಕ್ಕೆ ತೆರಿಗೆ ಕಟ್ಟುವುದಿಲ್ಲ ಎಂದು ಜೈಲಿಗೂ ಹೋದ. "ನಂಬಿದ್ರೆ ಸಾಲ್ದು, ನಂಬಿದ ಹಾಗೆ ಬದುಕ್ಬೇಕು." ಈ ವಾಕ್ಯವನ್ನು ಅವಳು ಬಾಯಿಪಾಠ ಮಾಡಿದ್ದೇ ಮಾಡಿದ್ದು.

ಸನ್ನಿಬ್ಯಾಂಕಿನಲ್ಲಿ ಬಿಸಿಬೇಳೆಬಾತ್ ಮುಗಿದ ಮೇಲೆ ಎದ್ದು ನಿಂತಳು. ಕನ್ನಡ ತಡವರಿಸುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಸುಳ್ಳೇಕೆ ಹೇಳಲಿ, ನನ್ನ ಎದೆ ಉಬ್ಬಿಹೋಯಿತು. ಇವರೂ ಫೋನ್ ಕೆಳಗಿಟ್ಟು ಕೇಳುತ್ತಿದ್ದರು. ಗೀತೆಯ ಮಾತು ಬಂತೋ ಇಲ್ಲವೋ, ಮೊದಲು ಬಾಯಿ ಹಾಕಿದವರೂ ಇವರೇ.

"ಪುಟ್ಟಿ, ಇದೆಲ್ಲ ನಮ್ಮಲ್ಲೇ ಇದೆ! ನಮ್ಮಿಂದಾನೇ ಎತ್ಕೊಂಡು ಹೋಗಿದ್ದಾರೆ ನೋಡಿ!"

ಸೋಫಾದ ಮೇಲಿದ್ದ ಅಂಕಲ್‌ಗಳೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬರು ಸೊನ್ನೆ ಕೊಟ್ಟವರು ನಾವು ಎಂದರು, ಇನ್ನೊಬ್ಬರು ಪುಷ್ಪಕ ವಿಮಾನವನ್ನೇ ಹತ್ತಿಬಿಟ್ಟರು. ಅಯ್ಯೋ, ಮಗು ಅಲ್ಲೇ ನಿಂತಿದೆಯಲ್ಲ!

"ಅಪ್ಪಾ, ಇನ್ನೂ ಇದೆ," ಎಂದಳು.

"ಗೊತ್ತು ಬಿಡು ಮರಿ, ನಾವೆಲ್ಲ ಚಿಕ್ಕೋರಿದ್ದಾಗ್ಲೇ ಕೇಳಿದ್ದೀವಿ," ಎಂದು ಇವರು ಬೆನ್ನು ತಟ್ಟಿ ಕೂರಿಸಿದರು. ಪ್ರೀತಿಯಿಂದಲೇ ತಟ್ಟಿದರು, ಹಾಗಾಗಿ ಬೈಯುವುದಕ್ಕೂ ಬಾಯಿ ಬರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅದಾಗಿ ವರ್ಷಗಳೇ ಕಳೆದವು. ಅವಳೀಗ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಅದನ್ನೇ ಪಾಠ ಮಾಡುತ್ತಾಳೆ. ಯಾರ್‍ಯಾರದೋ ಮಕ್ಕಳು ಕೊನೆಯ ಭಾಗವನ್ನೂ ಕೇಳುತ್ತಾರೆ.

ಹೋದ ಭಾನುವಾರ ಊಟಕ್ಕೆ ಬಂದಿದ್ದಳು. ಇವರು ಇದ್ದಕ್ಕಿದ್ದಂತೆ ಕೇಳಿದರು: "ಅವತ್ತು ಇನ್ನೂ ಇದೆ ಅಂದ್ಯಲ್ಲ ಪುಟ್ಟಿ, ಏನದು?"

ನಾನು ಸೌಟು ಹಿಡಿದು ನಿಂತುಬಿಟ್ಟೆ. ಅವಳು ಕನ್ನಡದ ಪದಗಳಿಗೆ ತಡಕಾಡಿದಳು. "ನಂಬಿದ್ರೆ..." ಎಂದಳು, ಮುಂದೆ ಬರಲಿಲ್ಲ. "ಸಾರಿ ಅಪ್ಪಾ, ಕನ್ನಡದಲ್ಲಿ ಮರ್ತೇಹೋಯ್ತು."

"ಇಂಗ್ಲಿಷಲ್ಲೇ ಹೇಳಮ್ಮ, ಕೇಳ್ತೀನಿ."

"ನೆವರ್ ಮೈಂಡ್ ಅಪ್ಪಾ," ಎಂದು ನಕ್ಕು ತಟ್ಟೆ ಎತ್ತಿಕೊಂಡು ಹೋದಳು.

ನನ್ನ ನಾಲಿಗೆಯ ತುದಿಯಲ್ಲೇ ಇತ್ತು ಆ ವಾಕ್ಯ. ಅವಳ ಬಾಯಲ್ಲಿ ಕೇಳಬೇಕಾಗಿದ್ದವರಿಗೆ ನಾನು ಹೇಳಿ ಏನು ಬಂತು?