ಸುಂದರಣ್ಣನ ಹೊಟ್ಟೆಯ ಮೇಲೆ ಕಲಿತ ಕೈಗಳು

ಬೆಳಿಗ್ಗೆ ಆರೂಕಾಲು. ಬೋಳಾರದ ಬಸ್ ನಿಲ್ದಾಣದಲ್ಲಿ ನಿಂತ ಸುಂದರ ಸಾಲ್ಯಾನ್ ತುಂಬಿದ ಎರಡು ಬಸ್ಸುಗಳನ್ನು ಬಿಟ್ಟುಬಿಡುತ್ತಾರೆ. ಮೂರನೆಯದು ಖಾಲಿ ಉಂಟು. ಹತ್ತಿ ಎಡಬದಿಯ ಕಿಟಕಿ ಸೀಟು ಹಿಡಿಯುತ್ತಾರೆ. ಅಲ್ಲಿ ಕೂತರೆ ಎಡ ಪಕ್ಕೆಗೆ ಯಾರ ಮೊಣಕೈಯೂ ತಾಗುವುದಿಲ್ಲ. ತಿಂಡಿ ಒಂದೇ ಒಂದು ಬನ್ಸ್. "ಹೊಟ್ಟೆ ತುಂಬ ತಿಂದರೆ ಮಕ್ಕಳ ಕೈಗೆ ಸರಿಯಾಗಿ ಸಿಗುವುದಿಲ್ಲ" ಎನ್ನುತ್ತಾರೆ.

ಏಳೂವರೆಗೆ ಅವರು ನಗರದ ವೈದ್ಯಕೀಯ ಕಾಲೇಜೊಂದರ ವಾರ್ಡಿನಲ್ಲಿ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿರುತ್ತಾರೆ. ಅದೇ ಅವರ ಕೆಲಸ. ಐವತ್ತೆಂಟರ ಸುಂದರಣ್ಣನ ಗುಲ್ಮ, ಅಂದರೆ ಎಡ ಪಕ್ಕೆಲುಬಿನ ಅಡಿಯಲ್ಲಿ ಮುಷ್ಟಿಯಷ್ಟು ಇರಬೇಕಾದ ಅಂಗ, ಊದಿ ಹೊಕ್ಕುಳನ್ನು ದಾಟಿ ಬಂದಿದೆ. ಅದನ್ನು ಕೈಯಿಂದ ಮುಟ್ಟಿ ಗುರುತಿಸುವುದನ್ನು ವಿದ್ಯಾರ್ಥಿಗಳು ಅವರ ಮೇಲೆಯೇ ಕಲಿಯುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಹನ್ನೆರಡು ಹದಿನೈದು ಮಂದಿ ಒಬ್ಬರಾದ ಮೇಲೆ ಒಬ್ಬರು ಬಂದು ಒತ್ತುತ್ತಾರೆ. ಸಂಜೆಗೆ ಹೊಟ್ಟೆ ನೋಯುತ್ತದೆ. ಊಟ, ಬಸ್ಸಿನ ಖರ್ಚು, ಒಂದಿಷ್ಟು ಗೌರವಧನ ಸಿಗುತ್ತದೆ. ಉಳಿದ ದಿನ ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಾರೆ.

ಇಪ್ಪತ್ತೇಳರ ಪ್ರಾಯದಲ್ಲಿ ಅವರು ಹಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹಂಚು ತುಂಬಿಸುತ್ತಿದ್ದರು. ಒಂದು ಮಧ್ಯಾಹ್ನ ರಕ್ತ ವಾಂತಿಯಾಯಿತು. ಯಕೃತ್ತಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿದೆ, ಅದರಿಂದ ಗುಲ್ಮ ಊದಿದೆ ಎಂದರು ವೈದ್ಯರು. ಭಾರ ಎತ್ತಬಾರದು; ಹೊಟ್ಟೆಗೆ ಪೆಟ್ಟು ಬಿದ್ದರೆ ಒಳಗೇ ಒಡೆದು ಜೀವ ಹೋಗಬಹುದು. ಕೆಲಸ ಹೋಯಿತು. ಕಾವೂರಿನ ಹುಡುಗಿಯೊಂದಿಗೆ ನಿಶ್ಚಯವಾಗಿದ್ದ ಮದುವೆಯೂ ನಿಂತಿತು. "ಅವರ ತಪ್ಪು ಎಂತ ಉಂಟು? ನನಗೆ ತಂಗಿ ಇದ್ದಾಳೆ. ಇಂಥವನಿಗೆ ನಾನಾದರೂ ಕೊಡ್ತಿದ್ದೆನಾ?"

ಆ ತಂಗಿ ಜಯ ಪಡೀಲಿನಲ್ಲಿದ್ದಾರೆ. ಸುಂದರಣ್ಣ ಹೋದಾಗಲೆಲ್ಲ ಅವರ ಮಕ್ಕಳು ಓಡಿ ಬರುತ್ತಿದ್ದವು. "ಮಾವನಿಗೆ ತಾಗಬೇಡಿ!" ಎಂದು ಜಯ ಗಾಬರಿಯಿಂದ ಕೂಗುತ್ತಿದ್ದರು. ಮಕ್ಕಳು ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ಆ ಮಕ್ಕಳು ಈಗ ದೊಡ್ಡವರು. ಕಳೆದ ವರ್ಷ ಸೊಸೆ, ಅಂದರೆ ಜಯರ ಮಗಳು ಅಕ್ಷಿತಾಳ ಮದುವೆಯ ಫೋಟೋದಲ್ಲಿ ಎಲ್ಲರೂ ಒತ್ತಿಕೊಂಡು ನಿಂತಿದ್ದಾರೆ. ಕೊನೆಯಲ್ಲಿರುವ ಸುಂದರಣ್ಣನ ಪಕ್ಕದಲ್ಲಿ ಮಾತ್ರ ಒಂದು ಗೇಣು ಜಾಗ. "ಪ್ರೀತಿ ಇಲ್ಲ ಅಂತಲ್ಲ. ಹೆದರಿಕೆ" ಎನ್ನುತ್ತಾರೆ.

ಮಂಚದ ಬಳಿ ಬರುವ ಪ್ರತಿ ವಿದ್ಯಾರ್ಥಿಯೂ ಮೊದಲು ಹೆಸರು, ಪ್ರಾಯ, ಕೆಲಸ ಕೇಳಿ, "ಮದುವೆ ಆಗಿದೆಯಾ?" ಎನ್ನುತ್ತಾನೆ. "ಇಲ್ಲ." ಬರೆದುಕೊಳ್ಳುತ್ತಾನೆ. ಒಂದೇ ದಿನ ಹದಿನೈದು ಸಲ ಅದೇ ಪ್ರಶ್ನೆ, ಅದೇ ಉತ್ತರ. ಯಾಕೆ ಇಲ್ಲ ಎಂದು ಯಾರೂ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಆಂಡ್ರಿಯಾ ಎಂಬ ವಿದ್ಯಾರ್ಥಿನಿ ಪರೀಕ್ಷೆಗೆ ಬಂದಳು. ನೇರವಾಗಿ ಎಡ ಪಕ್ಕೆಲುಬಿನ ಕೆಳಗೆ ಕೈ ಇಟ್ಟಳು. ಅಲ್ಲಿ ಶುರು ಮಾಡಿದರೆ ಕೈ ಗುಲ್ಮದ ಮೇಲೆಯೇ ಇರುತ್ತದೆ, ಅದರ ಅಂಚು ಸಿಗುವುದಿಲ್ಲ. ಇದು ಸುಂದರಣ್ಣನಿಗೆ ಗೊತ್ತು. ಆದರೆ ಪರೀಕ್ಷೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವುದು ಬಿಟ್ಟರೆ ಅವರು ಬಾಯಿ ಬಿಡುವಂತಿಲ್ಲ. ಹುಡುಗಿ ಪರೀಕ್ಷಕರಿಗೆ, "ಏನೂ ಸಿಗ್ತಾ ಇಲ್ಲ ಸರ್" ಎಂದಳು. ಫೇಲಾದಳು.

"ಮೆಟ್ಟಿಲಿನಲ್ಲಿ ಕೂತು ಅಳ್ತಾ ಇದ್ದಳು. ನನ್ನ ಹೊಟ್ಟೆಯಿಂದಲೇ ಅಲ್ವಾ ಅಂತ ಆಯ್ತು. ಆ ವಾರ ಊಟ ಸೇರಲಿಲ್ಲ."

ಮುಂದಿನ ವಾರ ಅವರು ಪ್ರೊಫೆಸರ್ ಡಾ. ರೇಚಲ್ ಅವರ ಕೋಣೆಗೆ ಹೋದರು. "ಮೇಡಂ, ಪರೀಕ್ಷೆ ಇಲ್ಲದ ದಿನ ನಾನು ಸುಮ್ಮನೆ ಬಂದು ಮಲಗ್ತೇನೆ. ಆಗ ಮಾತಾಡಬಹುದಲ್ಲ?" ಎಂದರು. ಮೇಡಂ ಒಪ್ಪಿದರು. ಅಂದಿನಿಂದ ಪ್ರತಿ ಗುರುವಾರ ಬೆಳಿಗ್ಗೆ ಸುಂದರಣ್ಣ ಬರುತ್ತಾರೆ. ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ.

ಮೊದಲ ಗುರುವಾರ ಆಂಡ್ರಿಯಾ ಎಲ್ಲರ ಹಿಂದೆ ನಿಂತಿದ್ದಳು. ಸುಂದರಣ್ಣನೇ ಕರೆದರು. "ಬನ್ನಿ ಡಾಕ್ಟ್ರೇ. ಕೈ ಸ್ವಲ್ಪ ಉಜ್ಜಿ ಬಿಸಿ ಮಾಡಿ. ಕೆಳಗಿನಿಂದ ಬನ್ನಿ, ಬಲಗಡೆ ಸೊಂಟದ ಹತ್ತಿರದಿಂದ. ಹುಡುಕಬೇಡಿ, ಕಾಯಿರಿ. ನಾನು ಉಸಿರು ಎಳೆಯುವಾಗ ಅದೇ ಬಂದು ನಿಮ್ಮ ಬೆರಳಿಗೆ ತಾಗ್ತದೆ."

ಆಕೆ ಕಾದಳು. ಕೈಯನ್ನು ಒಂದೊಂದೇ ಬೆರಳಿನಷ್ಟು ಮೇಲೆ ಸರಿಸಿದಳು. ಐದನೇ ಉಸಿರಿಗೆ ಅವಳ ಮುಖ ಅರಳಿತು. "ಸಿಕ್ತು!" ಎಂದು ನಕ್ಕುಬಿಟ್ಟಳು. ಕೈ ತೆಗೆಯಲಿಲ್ಲ. ಹಾಗೇ ಇಟ್ಟುಕೊಂಡು, "ನೋವಾಗ್ತದಾ ಅಂಕಲ್?" ಎಂದು ಕೇಳಿದಳು. ಇಲ್ಲ ಎಂದರು. ಆಗ ನೋಯುತ್ತಿತ್ತು ಎಂದು ನನ್ನೊಡನೆ ಒಪ್ಪಿಕೊಳ್ಳುತ್ತಾರೆ. "ಹೌದು ಅಂದಿದ್ದರೆ ಕೈ ತೆಗೀತಿದ್ದಳು."

ಆರು ತಿಂಗಳ ನಂತರ ಆಂಡ್ರಿಯಾ ಪಾಸಾದಳು. ಈಗ ಘಟ್ಟದ ಮೇಲಿನ ಸರಕಾರಿ ಆಸ್ಪತ್ರೆಯೊಂದರಲ್ಲಿದ್ದಾಳೆ. ಜ್ವರದಿಂದ ಬಂದ ಮಗುವೊಂದರ ಗುಲ್ಮ ಊದಿದ್ದನ್ನು ಕೈಯಲ್ಲೇ ಪತ್ತೆಹಚ್ಚಿದ ದಿನ ಡಾ. ರೇಚಲ್ ಅವರಿಗೆ ಫೋನ್ ಮಾಡಿ, ಸುಂದರಣ್ಣನಿಗೂ ಹೇಳಿ ಎಂದಳಂತೆ. ಮಗು ಚೇತರಿಸಿಕೊಂಡಿತೇ ಎಂದು ಸುಂದರಣ್ಣ ಮೂರು ಗುರುವಾರ ವಿಚಾರಿಸಿದರು. ಚೇತರಿಸಿಕೊಂಡಿದೆ.

ನಿಮಗೆ ಕಾಲೇಜಿನಿಂದ ಏನಾದರೂ ಬೇಕಿತ್ತೇ ಎಂದು ಕೇಳುತ್ತೇನೆ.

"ಬೆಲ್ ಆದ ಕೂಡಲೇ ಮಕ್ಕಳು ಮುಂದಿನ ಬೆಡ್ಡಿಗೆ ಓಡ್ತಾರೆ. ಪಾಪ, ಅವರಿಗೆ ಟೈಮಿಲ್ಲ. ನಾನು ಹಾಗೇ ಹೊಟ್ಟೆ ಬಿಟ್ಟುಕೊಂಡು ಮಲಗಿರ್ತೇನೆ. ಬೇರೆ ಎಂತ ಬೇಡ ಮಾರಾಯ್ರೆ. ಹೋಗುವಾಗ ಆ ಹೊದಿಕೆ ಒಂದು ಮೇಲೆ ಎಳೆದು ಹೋದರೆ ಸಾಕು."